ಕುಂಕುಮ ಹಚ್ಚಿದ ಬಾಗಿಲು, ಮಂಜು ಕಟ್ಟಿದ ಫ್ರೀಜರು

ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿಯ ನಮ್ಮ ಮನೆಗೆ ಹೋದಾಗ ಫ್ರೀಜರಿನ ಬಾಗಿಲಿಗೆ ಕೈ ಹಾಕಿದರೆ ಅದು ಅಲುಗಲಿಲ್ಲ. ಬಲವಾಗಿ ಎಳೆದ ಮೇಲೆ ತೆರೆದುಕೊಂಡ ಆ ಪುಟ್ಟ ಪೆಟ್ಟಿಗೆಯಲ್ಲಿ ಮಂಜು ಎಲ್ಲ ಕಡೆಯಿಂದಲೂ ಬೆಳೆದು, ನಡುವೆ ಮುಷ್ಟಿ ತೂರುವಷ್ಟು ಜಾಗ ಮಾತ್ರ ಉಳಿದಿತ್ತು. ಆ ಜಾಗದಲ್ಲಿ ತೆಂಗಿನ ತುರಿಯಿದ್ದ ಐಸ್‌ಕ್ರೀಮ್ ಡಬ್ಬಿ, ಗೋಡಂಬಿಯ ಪೊಟ್ಟಣ, ಮಂಜಿನೊಳಗೆ ಅರ್ಧ ಹುದುಗಿಹೋದ ಇನ್ನೊಂದು ಪ್ಲಾಸ್ಟಿಕ್ ಚೀಲ ಇದ್ದವು; ಆ ಚೀಲದಲ್ಲಿ ಏನಿದೆಯೆಂದು ಮನೆಯಲ್ಲಿ ಯಾರಿಗೂ ತಿಳಿದಿರಲಿಲ್ಲ. ಇದನ್ನು ಕರಗಿಸಿ ಎಷ್ಟು ದಿನವಾಯಿತು ಎಂದು ಕೇಳಿದ್ದಕ್ಕೆ ಅತ್ತಿಗೆ, "ಜರ್ಮನಿಯಿಂದ ಬಂದವರು ಮೊದಲು ದೇವರಮನೆಗೆ ಹೋಗ್ತಾರೆ ಅಂದ್ಕೊಂಡಿದ್ದೆ, ನೀವು ಫ್ರೀಜರಿಗೆ ಹೋದಿರಿ" ಎಂದರು. ನಗುತ್ತಲೇ ಆಡಿದ ಮಾತಾದರೂ ಅದು ಚುಚ್ಚಿತು. ಅಂದು ಹೇಳಲಾಗದೆ ಉಳಿದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ನಾನಿರುವುದು ಜರ್ಮನಿಯ ಸ್ಯಾಕ್ಸನಿ ಪ್ರಾಂತ್ಯದ ಚೆಮ್ನಿಟ್ಸ್ ನಗರದಲ್ಲಿ. ನಮ್ಮ ಮಹಡಿಯ ಎದುರು ಬಾಗಿಲಿನಲ್ಲಿ ಒಬ್ಬ ಅಜ್ಜಿ ಒಂಟಿಯಾಗಿ ವಾಸಿಸುತ್ತಾರೆ. ಹಿಂದೆ ಪೂರ್ವ ಜರ್ಮನಿಯಿದ್ದ ಕಾಲದಲ್ಲಿ ಬಟ್ಟೆ ಗಿರಣಿಯಲ್ಲಿ ದುಡಿದವರು. ಅವರ ಫ್ರಿಜ್ಜು ಹೊಸದೂ ಅಲ್ಲ, ದೊಡ್ಡದೂ ಅಲ್ಲ, ಮಂಜು ಕಟ್ಟದ ತಂತ್ರಜ್ಞಾನ ಅದರಲ್ಲಿ ಇಲ್ಲ. ಮೇಲ್ಭಾಗದಲ್ಲಿ ಫ್ರೀಜರು, ಕೆಳಗೆ ನಾಲ್ಕು ಗಾಜಿನ ಹಲಗೆ, ಅಷ್ಟೆ. ಆದರೆ ಪ್ರತಿವರ್ಷ ಜನವರಿಯಲ್ಲಿ, ಹೊರಗಿನ ಉಷ್ಣತೆ ಸೊನ್ನೆಗಿಂತ ಕೆಳಗಿಳಿದ ಒಂದು ದಿನವನ್ನು ನೋಡಿಕೊಂಡು ಅವರು ಫ್ರೀಜರು ಕರಗಿಸುವ ಕೆಲಸಕ್ಕೆ ಕೂರುತ್ತಾರೆ. ಅದಕ್ಕೂ ಮೊದಲಿನ ಕೆಲವು ವಾರ ಹೊಸದಾಗಿ ಏನನ್ನೂ ಕೊಳ್ಳದೆ ಒಳಗಿರುವುದನ್ನೇ ತಿಂದು ಮುಗಿಸುತ್ತಾ ಬರುತ್ತಾರೆ. ಆ ದಿನ ಪ್ಲಗ್ ಕಿತ್ತು, ಉಳಿದ ಪೊಟ್ಟಣಗಳನ್ನು ಪತ್ರಿಕೆಯ ಹಾಳೆಗಳಲ್ಲಿ ಸುತ್ತಿ, ಒಂದು ಪೆಟ್ಟಿಗೆಗೆ ತುಂಬಿ, ಮೇಲೆ ಕಂಬಳಿ ಹೊದಿಸಿ ಬಾಲ್ಕನಿಗೆ ಇಡುತ್ತಾರೆ. ಫ್ರೀಜರಿನೊಳಗೆ ಬಿಸಿನೀರಿನ ಬಟ್ಟಲಿಟ್ಟು ಬಾಗಿಲು ಮುಚ್ಚುತ್ತಾರೆ. ಸ್ವಲ್ಪ ಹೊತ್ತಿಗೆ ಮಂಜು ಹಲಗೆ ಹಲಗೆಯಾಗಿ ಸಡಿಲವಾಗುತ್ತದೆ. ಆಗ ಮರದ ಚಮಚದಿಂದ ಮೆಲ್ಲಗೆ ಬಿಡಿಸುತ್ತಾರೆಯೇ ಹೊರತು ಲೋಹದ ವಸ್ತುವನ್ನು ಹತ್ತಿರವೂ ತರುವುದಿಲ್ಲ. ಕೊನೆಗೆ ವಿನೆಗರ್ ಬೆರೆಸಿದ ನೀರಿನಿಂದ ಒಳಗೋಡೆಗಳನ್ನು ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ ಒರೆಸುತ್ತಾರೆ, ಏಕೆಂದರೆ ಒಳಗೆ ಉಳಿದ ಹನಿಯೇ ಮುಂದಿನ ಮಂಜಿನ ಮೊದಲ ಪದರವಾಗುತ್ತದೆ.

ಆ ದಿನವೇ ಬಾಗಿಲಿನ ಸುತ್ತಲಿನ ರಬ್ಬರಿನ ಪರೀಕ್ಷೆಯೂ ನಡೆಯುತ್ತದೆ. ಒಂದು ಕಾಗದದ ಚೂರನ್ನು ಬಾಗಿಲಿನ ಸಂದಿಯಲ್ಲಿಟ್ಟು ಮುಚ್ಚಿ ಎಳೆದು ನೋಡುತ್ತಾರೆ. ಬಿಗಿಯಾಗಿ ಹಿಡಿದುಕೊಂಡರೆ ರಬ್ಬರು ಸರಿಯಿದೆ, ಸರಾಗವಾಗಿ ಜಾರಿ ಬಂದರೆ ಅಲ್ಲಿಂದ ಗಾಳಿ ಒಳಹೋಗುತ್ತಿದೆ ಎಂದರ್ಥ. ಫ್ರಿಜ್ಜಿನ ಹಿಂಗೋಡೆಯ ಕೆಳಗಿರುವ ನೀರು ಹರಿಯುವ ಸಣ್ಣ ತೂತನ್ನು ಹತ್ತಿಯ ಕಡ್ಡಿಯಿಂದ ಸ್ವಚ್ಛ ಮಾಡುತ್ತಾರೆ. ಈ ಇಡೀ ಕೆಲಸಕ್ಕೆ ಅರ್ಧ ದಿನ ಸಾಕು. ಅದನ್ನು ಅವರು ಯಾವ ಸಡಗರವೂ ಇಲ್ಲದೆ, ನಮ್ಮ ಅಜ್ಜಿಯಂದಿರು ಉಪ್ಪಿನಕಾಯಿಯ ಜಾಡಿ ತೊಳೆದು ಒಣಗಿಸುತ್ತಿದ್ದ ಶ್ರದ್ಧೆಯಲ್ಲಿ ಮಾಡುವುದನ್ನು ಕಂಡಾಗಲೆಲ್ಲ ನನಗೆ ಊರಿನ ಫ್ರಿಜ್ಜಿನ ಮೇಲೆ ಅಸಹನೆ ಹುಟ್ಟುತ್ತದೆ.

ಮಂಜು ಕಟ್ಟುವುದು ಯಂತ್ರದ ದೋಷವಲ್ಲ. ಬಾಗಿಲು ತೆರೆದಾಗಲೆಲ್ಲ ಅಡುಗೆಮನೆಯ ತೇವದ ಗಾಳಿ ಒಳನುಗ್ಗುತ್ತದೆ, ಅದರಲ್ಲಿರುವ ನೀರಾವಿ ಅತ್ಯಂತ ತಣ್ಣಗಿರುವ ಗೋಡೆಯನ್ನು ಹುಡುಕಿ ಅಲ್ಲಿ ಹೆಪ್ಪುಗಟ್ಟುತ್ತದೆ. ಆ ಪದರ ಅರ್ಧ ಸೆಂಟಿಮೀಟರ್ ದಾಟಿತೆಂದರೆ ಅದು ತಂಪನ್ನು ಒಳಗೆ ಬಿಡದ ಹೊದಿಕೆಯಂತೆ ವರ್ತಿಸುತ್ತದೆ. ಕಂಪ್ರೆಸರು ಹೆಚ್ಚು ಹೊತ್ತು ಓಡುತ್ತದೆ, ವಿದ್ಯುತ್ತು ಹೆಚ್ಚು ಖರ್ಚಾಗುತ್ತದೆ, ಆದರೂ ಕೆಳಗಿನ ಹಲಗೆಯ ಹಾಲು ಒಡೆಯುತ್ತದೆ. ಹಾಲು ಒಡೆದಾಗ ನಮ್ಮ ಮನೆಯಲ್ಲಿ ಹಾಲಿನವನನ್ನು ಬೈಯುತ್ತಾರೆ, ಇಲ್ಲವೇ ಗುಂಡಿ ತಿರುಗಿಸಿ ತಂಪನ್ನು ಇನ್ನೂ ಹೆಚ್ಚಿಸುತ್ತಾರೆ. ಹೆಚ್ಚಿಸಿದಷ್ಟೂ ಮಂಜು ಬೆಳೆಯುತ್ತದೆ.

ನಮ್ಮ ಒಂಟಿ ಬಾಗಿಲಿನ ಫ್ರಿಜ್ಜುಗಳಲ್ಲಿ ಅದೇ ಗುಂಡಿಯ ನಡುವೆ ಇನ್ನೊಂದು ಪುಟ್ಟ ಗುಂಡಿ ಇರುತ್ತದೆ. ರಾತ್ರಿ ಅದನ್ನು ಒತ್ತಿದರೆ ಕಂಪ್ರೆಸರು ನಿಂತು ಮಂಜು ಕರಗಿ, ನೀರು ಹಿಂದಿನ ತಟ್ಟೆಗೆ ಹರಿದುಹೋಗುತ್ತದೆ. ಕರಗಿದ ಮೇಲೆ ಯಂತ್ರ ತಾನಾಗಿಯೇ ಮತ್ತೆ ಶುರುವಾಗುತ್ತದೆ. ಇಷ್ಟು ಸುಲಭದ ಸೌಲಭ್ಯವನ್ನು ತಯಾರಕರು ನಮ್ಮ ಬೆರಳ ತುದಿಗೇ ತಂದಿಟ್ಟಿದ್ದಾರೆ. ಬೆಳೆಯುತ್ತಿದ್ದ ಮಂಜು ತೆಳುವಾಗಿದ್ದಾಗಲೇ ಒತ್ತಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ. ನಾವು ಒತ್ತುವುದು ಬಾಗಿಲು ಮುಚ್ಚದ ಸ್ಥಿತಿಗೆ ಬಂದ ಮೇಲೆ. ಆಗ ತಟ್ಟೆ ತುಂಬಿ, ತರಕಾರಿ ಡಬ್ಬಿ ತುಂಬಿ, ಬೆಳಿಗ್ಗೆ ಅಡುಗೆಮನೆಯ ನೆಲದಲ್ಲಿ ನೀರು ನಿಲ್ಲುತ್ತದೆ, "ಆ ಗುಂಡಿಯ ಸಹವಾಸವೇ ಬೇಡ" ಎಂಬ ತೀರ್ಮಾನವಾಗುತ್ತದೆ, ಮತ್ತು ಮುಂದಿನ ಸಲ ಯಾರೋ ಅವಸರದಲ್ಲಿ ಚಾಕು ಹಿಡಿಯುತ್ತಾರೆ. ನಮ್ಮ ನೆಂಟರೊಬ್ಬರ ಮನೆಯಲ್ಲಿ ಆದದ್ದು ಅದೇ. ಚಾಕುವಿನ ತುದಿ ಅಲ್ಯೂಮಿನಿಯಂ ಗೋಡೆಯನ್ನು ತೂತು ಮಾಡಿ ಅನಿಲ ಸೋರಿಹೋಯಿತು, ರಿಪೇರಿಯವನು ನೋಡಿ ಹೊಸದನ್ನೇ ಕೊಳ್ಳಿ ಎಂದ, ಇನ್ನೂ ಹತ್ತು ವರ್ಷ ಬಾಳಬಹುದಾಗಿದ್ದ ಫ್ರಿಜ್ಜು ಪುಸ್ತಕದ ಕಪಾಟಾಯಿತು.

ನಮ್ಮವರು ಅಶ್ರದ್ಧೆಯ ಜನ ಎಂದು ನಾನು ಹೇಳುತ್ತಿಲ್ಲ. ಆಯುಧಪೂಜೆಯ ದಿನ ಒನಕೆ, ಈಳಿಗೆ, ಮಿಕ್ಸಿಗಳ ಜೊತೆ ಫ್ರಿಜ್ಜಿನ ಬಾಗಿಲನ್ನೂ ಒರೆಸಿ ಕುಂಕುಮ ಹಚ್ಚಿ ಸೇವಂತಿಗೆ ಮುಡಿಸುತ್ತೇವೆ. ಮೇಲೊಂದು ಕಸೂತಿಯ ಬಟ್ಟೆ, ಹಿಡಿಕೆಗೊಂದು ಹೊದಿಕೆ. ನನ್ನ ಅತ್ತಿಗೆ ಮುಸುರೆಯ ವಿಷಯದಲ್ಲಿ ಎಂದೂ ತಪ್ಪಿದವರಲ್ಲ. ಯಾವ ಸೌಟು ಯಾವ ಪಾತ್ರೆಗೆ ಮುಟ್ಟಿತು, ಮೊಸರಿನ ಪಾತ್ರೆಯ ಪಕ್ಕ ಯಾವುದು ಇರಬಾರದು ಎಂಬುದನ್ನು ಎರಡು ದಿನ ಬಿಟ್ಟು ಕೇಳಿದರೂ ಹೇಳಬಲ್ಲರು. ಇಷ್ಟು ಸೂಕ್ಷ್ಮ ನೆನಪಿರುವ ಮನೆಯಲ್ಲಿ ಫ್ರೀಜರಿನೊಳಗಿನ ಚೀಲ ಯಾವ ತಿಂಗಳಿನದು ಎಂದು ಯಾರಿಗೂ ತಿಳಿಯದಿರುವುದು ನನ್ನನ್ನು ನಿಜವಾಗಿ ನೋಯಿಸುವ ಸಂಗತಿ. ಶಿಸ್ತು ನಮ್ಮಲ್ಲಿ ಧಾರಾಳವಾಗಿದೆ, ಅದು ಫ್ರಿಜ್ಜಿನ ಬಾಗಿಲ ಬಳಿ ಬಂದು ನಿಂತುಬಿಟ್ಟಿದೆ.

ಎದುರು ಮನೆಯ ಅಜ್ಜಿ ಪ್ರತಿ ಡಬ್ಬಿಯ ಮೇಲೂ ಕಾಗದದ ಟೇಪು ಅಂಟಿಸಿ ಒಳಗೇನಿದೆ, ಯಾವತ್ತು ಇಟ್ಟದ್ದು ಎಂದು ಪೆನ್ಸಿಲಿನಲ್ಲಿ ಬರೆಯುತ್ತಾರೆ. ಬ್ರೆಡ್ಡನ್ನು ಕೊಂಡ ದಿನವೇ ಹೋಳು ಮಾಡಿಸಿ ಫ್ರೀಜರಿಗೆ ಹಾಕಿ, ದಿನಕ್ಕೆ ಬೇಕಾದಷ್ಟೇ ಹೋಳು ತೆಗೆಯುತ್ತಾರೆ. ಮೈನಸ್ 18 ಡಿಗ್ರಿಯಲ್ಲಿ ಸೂಕ್ಷ್ಮಜೀವಿಗಳು ಸಾಯುವುದಿಲ್ಲ, ಬೆಳೆಯುವುದನ್ನು ನಿಲ್ಲಿಸುತ್ತವೆ. ಹೊರಗೆ ತೆಗೆದು ಬೆಚ್ಚಗಾದೊಡನೆ ಬಿಟ್ಟಲ್ಲಿಂದ ಮುಂದುವರಿಯುತ್ತವೆ. ಆದ್ದರಿಂದ ಕರಗಿಸಬೇಕಾದ್ದನ್ನು ಹಿಂದಿನ ರಾತ್ರಿಯೇ ಕೆಳಗಿನ ಹಲಗೆಗೆ ಇಳಿಸಿಡಬೇಕು, ಕಟ್ಟೆಯ ಮೇಲೆ ದಿನವಿಡೀ ಬಿಡಬಾರದು ಎಂಬುದು ಅವರಿಗೆ ರೂಢಿಯಾಗಿದೆ. ನಕ್ಷತ್ರಗಳ ವಿಷಯವನ್ನೂ ನಾನು ಇಲ್ಲಿಯೇ ತಿಳಿದದ್ದು. ನಮ್ಮಲ್ಲಿ ಫ್ರಿಜ್ಜಿನ ಮೇಲಿನ ನಕ್ಷತ್ರವೆಂದರೆ ಇಂಧನ ದಕ್ಷತಾ ಬ್ಯೂರೋ ಕೊಡುವ, ವಿದ್ಯುತ್ ಉಳಿತಾಯದ ಗುರುತು. ಫ್ರೀಜರಿನ ಬಾಗಿಲಿನ ಮೇಲೆ ಅಚ್ಚೊತ್ತಿರುವ ನಕ್ಷತ್ರ ಬೇರೆಯೇ: ಒಂದಾದರೆ ಮೈನಸ್ 6, ಎರಡಾದರೆ ಮೈನಸ್ 12, ಮೂರಾದರೆ ಮೈನಸ್ 18, ನಾಲ್ಕಾದರೆ ಬೆಚ್ಚಗಿನ ಆಹಾರವನ್ನೂ ಹೊಸದಾಗಿ ಹೆಪ್ಪುಗಟ್ಟಿಸುವ ಸಾಮರ್ಥ್ಯ. ಒಂದು ನಕ್ಷತ್ರದ ಪೆಟ್ಟಿಗೆಯಲ್ಲಿ ತಿಂಗಳುಗಟ್ಟಲೆ ಮೀನಿಡುವವರಿಗೆ ಈ ವ್ಯತ್ಯಾಸವನ್ನು ಅಂಗಡಿಯವರಾದರೂ ಹೇಳಬೇಕಿತ್ತು.

ಈ ಊರಿನವರಿಗೆ ಫ್ರಿಜ್ಜಿನ ಬಗ್ಗೆ ಇರುವ ಅಭಿಮಾನಕ್ಕೆ ಒಂದು ಇತಿಹಾಸವೂ ಇದೆ. ಚೆಮ್ನಿಟ್ಸ್‌ನ ದಕ್ಷಿಣಕ್ಕೆ, ಚೋಪಾವ್ ನದಿಯ ಕಣಿವೆಯಲ್ಲಿರುವ ಶಾರ್ಫೆನ್‌ಸ್ಟೈನ್ ಎಂಬ ಪುಟ್ಟ ಊರಿನ ಕಾರ್ಖಾನೆ ಪೂರ್ವ ಜರ್ಮನಿಗೆಲ್ಲ ಫ್ರಿಜ್ಜು ಮಾಡಿಕೊಡುತ್ತಿತ್ತು. ಎರಡೂ ಜರ್ಮನಿ ಒಂದಾದ ಮೇಲೆ ಅದು ಮುಚ್ಚುವ ಹಂತಕ್ಕೆ ಬಂದಾಗ, 1992ರಲ್ಲಿ ಗ್ರೀನ್‌ಪೀಸ್ ಸಂಸ್ಥೆಯೊಡನೆ ಕೂಡಿ ಓಜೋನ್ ಪದರಕ್ಕೆ ಹಾನಿ ಮಾಡದ, ಪ್ರೊಪೇನ್ ಮತ್ತು ಐಸೋಬ್ಯೂಟೇನ್‌ನಿಂದ ನಡೆಯುವ ಫ್ರಿಜ್ಜನ್ನು ಅಲ್ಲಿಯ ಕೆಲಸಗಾರರು ರೂಪಿಸಿದರು. ಅದು ಇನ್ನೂ ಮಾರುಕಟ್ಟೆಗೆ ಬರುವ ಮೊದಲೇ ಜನ ಮುಂಗಡವಾಗಿ ಸಾವಿರಾರು ಸಂಖ್ಯೆಯಲ್ಲಿ ಬೇಡಿಕೆ ಸಲ್ಲಿಸಿದರು, 1993ರಲ್ಲಿ ಫೋರೋನ್ ಎಂಬ ಹೆಸರಿನಲ್ಲಿ ಅದು ಮನೆಗಳಿಗೆ ಬಂತು. ಕಂಪನಿ 1996ರಲ್ಲಿ ದಿವಾಳಿಯಾಯಿತು, ಆದರೆ ಅದರ ದಾರಿ ಜಗತ್ತಿಗೆಲ್ಲ ಹರಡಿತು. ತೀರ್ಥಹಳ್ಳಿಯ ನಮ್ಮ ಫ್ರಿಜ್ಜಿನ ಹಿಂಬದಿಯ ಚೀಟಿಯಲ್ಲಿ ಆರ್600ಎ ಎಂದು ಬರೆದಿರುವುದು ಅದೇ ಐಸೋಬ್ಯೂಟೇನ್. ಕೆಲವು ಹತ್ತು ಗ್ರಾಂ ಮಾತ್ರ ಇರುವ ಈ ಅನಿಲ ಹೊತ್ತಿಕೊಳ್ಳುವ ಗುಣದ್ದು, ಆದ್ದರಿಂದ ಚಾಕುವಿನ ವಿಷಯದಲ್ಲಿ ನಾನು ಇಷ್ಟು ಹಟ ಹಿಡಿಯುತ್ತೇನೆ.

ಇನ್ನು ಅತ್ತಿಗೆಯ ಪಕ್ಷವನ್ನೂ ಹೇಳದೆ ವಿಧಿಯಿಲ್ಲ. ಚೆಮ್ನಿಟ್ಸ್‌ನ ಚಳಿಗಾಲದಲ್ಲಿ ಬಿಸಿ ಮಾಡಿದ ಕೋಣೆಯ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ. ಅಲ್ಲಿ ವರ್ಷಕ್ಕೊಮ್ಮೆ ಕರಗಿಸಿದರೆ ಸಾಕಾಗುವುದು ಬರೀ ಅಜ್ಜಿಯ ಶ್ರದ್ಧೆಯಿಂದಲ್ಲ. ಆಗುಂಬೆಯ ಪಕ್ಕದ ಊರಿನ ಆಷಾಢದ ಗಾಳಿಯಲ್ಲಿ ಬಟ್ಟೆ ವಾರವಾದರೂ ಒಣಗದು, ಉಪ್ಪು ನೀರಾಗುತ್ತದೆ, ಫ್ರೀಜರಿನಲ್ಲಿ ಕೆಲವೇ ವಾರಗಳಲ್ಲಿ ಮಂಜು ಬೆಳೆಯುತ್ತದೆ. ಆ ಅಜ್ಜಿ ಒಬ್ಬರೇ ದಿನಕ್ಕೆ ನಾಲ್ಕು ಸಲ ಬಾಗಿಲು ತೆರೆದರೆ, ನಮ್ಮ ಮನೆಯಲ್ಲಿ ಹಾಲು, ಮೊಸರು, ಹಿಟ್ಟು, ತಣ್ಣೀರು, ಮಲ್ಲಿಗೆ ದಂಡೆ ಎಂದು ಅದು ಬೆಳಗಿನಿಂದ ರಾತ್ರಿಯವರೆಗೆ ತೆರೆದುಕೊಳ್ಳುತ್ತಲೇ ಇರುತ್ತದೆ. ಬಳ್ಳಾರಿ, ರಾಯಚೂರುಗಳ ಬೇಸಿಗೆಯಲ್ಲಿ ಅದೇ ಯಂತ್ರ ಎಷ್ಟು ಒದ್ದಾಡುತ್ತದೆಯೆಂದು ಇಲ್ಲಿಯವರು ಊಹಿಸಲಾರರು. ಮೇಲಾಗಿ 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ, ಮಿತಿಯೊಳಗೆ ಬಳಸುವ ಮನೆಗಳಿಗೆ ಬಿಲ್ಲು ಸೊನ್ನೆಯಾಗಿ ಬರುತ್ತಿರುವುದರಿಂದ, ಮಂಜಿನ ಖರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ. ಇಲ್ಲಿಯ ವಿದ್ಯುತ್ ದರದಲ್ಲಿ ಅದು ಕಣ್ಣಿಗೆ ಬೀಳದೆ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಮಾತನ್ನು ಅತ್ತಿಗೆ ನಾನು ಹೊರಡುವ ಮುನ್ನ ಹೇಳಿದರು. ಮಳೆಗೆ ಮರ ಬಿದ್ದು ತಂತಿ ಹರಿದರೆ ಒಂದು ದಿನವಿಡೀ ಕರೆಂಟು ಇರುವುದಿಲ್ಲ. ಆಗ ಫ್ರಿಜ್ಜಿನೊಳಗಿನ ಹಾಲು, ಮಾವನವರ ಇನ್ಸುಲಿನ್ ಉಳಿಯುವುದು ಆ ಮಂಜಿನ ಗಡ್ಡೆಯಿಂದಲೇ ಎಂದರು. ತಿರಸ್ಕರಿಸುವ ಮಾತಲ್ಲ ಅದು. ತುಂಬಿದ ಫ್ರೀಜರು ಖಾಲಿ ಫ್ರೀಜರಿಗಿಂತ ಹೆಚ್ಚು ಹೊತ್ತು ತಣ್ಣಗಿರುತ್ತದೆ, ಬಾಗಿಲು ತೆರೆಯದೆ ಇಟ್ಟರೂ ಕೆಳಗಿನ ಭಾಗ ನಾಲ್ಕು ತಾಸಿನಷ್ಟೇ ತಡೆಯುತ್ತದೆ ಎಂಬುದು ಎಲ್ಲೆಡೆ ಒಪ್ಪಿದ ಲೆಕ್ಕ. ದಿನದ ಅಡುಗೆಯನ್ನು ಆಯಾ ದಿನವೇ ಮಾಡುವ ಮನೆಗೆ ತಿಂಗಳ ಆಹಾರ ಹೆಪ್ಪುಗಟ್ಟಿಸುವ ಅಗತ್ಯವೂ ಇಲ್ಲ, ಕರೆಂಟನ್ನು ನಂಬಿ ಹಾಗೆ ಮಾಡುವುದು ಜಾಣತನವೂ ಅಲ್ಲ. ಭಾನುವಾರ ಮಾಡಿದ ಹುಳಿಯನ್ನು ಡಬ್ಬಿಗಳಲ್ಲಿ ಹೆಪ್ಪುಗಟ್ಟಿಸಿ ಗುರುವಾರ ಉಣ್ಣುವ ನಾನು, ಆ ಮನೆಯ ಆಗಷ್ಟೇ ಒಗ್ಗರಣೆ ಬಿದ್ದ ಸಾರಿನ ಮುಂದೆ ಫ್ರೀಜರಿನ ಶಿಸ್ತನ್ನು ಎತ್ತಿ ಹೇಳುವುದು ಕಷ್ಟ.

ಆದರೂ ಕರೆಂಟು ಹೋದಾಗ ನೆರವಾಗಲು ಗೋಡೆಗೆ ಅಂಟಿದ ಮಂಜೇ ಬೇಕೆಂದಿಲ್ಲ. ಕುಡಿಯುವ ನೀರಿನ ಎರಡು ಪ್ಲಾಸ್ಟಿಕ್ ಬಾಟಲಿಗಳಿಗೆ ಮುಕ್ಕಾಲು ಭಾಗ ನೀರು ತುಂಬಿ ಫ್ರೀಜರಿನಲ್ಲಿಟ್ಟರೆ ಅದೇ ಕೆಲಸ ಇನ್ನೂ ಚೆನ್ನಾಗಿ ಆಗುತ್ತದೆ. ತಂಪನ್ನು ತಡೆಹಿಡಿಯುವ ಪದರ ಇರುವುದಿಲ್ಲ, ಕರೆಂಟು ಹೋದಾಗ ಬಾಟಲಿಯನ್ನು ಕೆಳಗಿನ ಹಲಗೆಗೆ ಹಾಲಿನ ಪಕ್ಕಕ್ಕೂ ಇಳಿಸಬಹುದು. ಇನ್ಸುಲಿನ್ ಮಾತ್ರ ಹೆಪ್ಪುಗಟ್ಟಿದರೆ ಕೆಡುವ ಔಷಧಿಯಾದ್ದರಿಂದ ಅದನ್ನು ಬಾಟಲಿಗೆ ತಾಗದಂತೆ ದೂರವೇ ಇಡಬೇಕು. ಸಂಕ್ರಾಂತಿ ಕಳೆದು ಗಾಳಿ ಒಣಗಿದ ಮೇಲೆ ಒಂದು ಸಲ ಪೂರ್ತಿ ಕರಗಿಸಿ, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಮಲಗುವ ಮುನ್ನ ಆ ನಡುವಿನ ಗುಂಡಿ ಒತ್ತಿ, ಸಡಿಲವಾದ ರಬ್ಬರನ್ನು ಬದಲಾಯಿಸಿದರೆ ಸಾಕು ಎಂದು ಅಣ್ಣನಿಗೆ ಬರೆದಿದ್ದೇನೆ. ಬಾಟಲಿಯ ಮಾತಿಗೆ ಅತ್ತಿಗೆ ಒಪ್ಪಿದ್ದಾರಂತೆ. ಡಬ್ಬಿಯ ಮೇಲೆ ತಾರೀಕು ಬರೆಯುವುದಕ್ಕೆ ಇನ್ನೂ ಒಪ್ಪಿಲ್ಲ, ನಾನೂ ಆ ಮಾತನ್ನು ಬಿಟ್ಟಿಲ್ಲ.