ಕಾರ್ಟ್‌ಮನ್ ಕಥೆ ದಪ್ಪಗಿರುವವರ ಗೇಲಿಯಲ್ಲ

2024ರ ಮೇ ತಿಂಗಳಲ್ಲಿ ಬಂದ, ಅಮೆರಿಕದ ವ್ಯಂಗ್ಯ ಕಾರ್ಟೂನ್ ಸರಣಿ ಸೌತ್ ಪಾರ್ಕ್‌ನ ವಿಶೇಷ ಸಂಚಿಕೆ 'ದಿ ಎಂಡ್ ಆಫ್ ಒಬೆಸಿಟಿ' ದಪ್ಪಗಿರುವವರನ್ನು ಆಡಿಕೊಳ್ಳುತ್ತದೆ ಎಂದು ಬರೆದಿದ್ದೀರಿ. ಒಪ್ಪಲಾರೆ. 1997ರಿಂದ ಸರಣಿಯ ದಪ್ಪ ಹುಡುಗ ಕಾರ್ಟ್‌ಮನ್‌ನ ಹೊಟ್ಟೆಯನ್ನೇ ನಗೆಪಾಟಲು ಮಾಡಿಕೊಂಡು ಬಂದ ಅದರ ಸೃಷ್ಟಿಕರ್ತರಾದ ಟ್ರೇ ಪಾರ್ಕರ್, ಮ್ಯಾಟ್ ಸ್ಟೋನ್ ಜೋಡಿ ಇಲ್ಲಿ ಮೊದಲ ಸಲ ಅವನ ಪರ ನಿಂತಂತೆ ನನಗನ್ನಿಸಿತು. ವೈದ್ಯರು ತೂಕ ಇಳಿಸುವ ಔಷಧದ ಮಾತೆತ್ತುತ್ತಾರೆ, ವಿಮೆ ಒಪ್ಪುವುದಿಲ್ಲ. ಅಲ್ಲಿಂದ ಕಾರ್ಟ್‌ಮನ್ ಮತ್ತವನ ಗೆಳೆಯರು ವಿಮಾ ಕಂಪನಿಗಳ ಚಕ್ರವ್ಯೂಹದಲ್ಲಿ ಅಲೆಯುವುದಿದೆಯಲ್ಲ, ಇಡೀ ಚಿತ್ರದ ಜೀವ ಅದೇ. ಅಮೆರಿಕದಲ್ಲಿ ವೆಗೋವಿ ಎಂಬ ತೂಕ ಇಳಿಸುವ ಚುಚ್ಚುಮದ್ದಿನ ಪಟ್ಟಿಬೆಲೆ ಆಗ ತಿಂಗಳಿಗೆ ಸಾವಿರ ಡಾಲರ್ ದಾಟಿತ್ತು. ಕೈಯಲ್ಲಿ ದುಡ್ಡಿದ್ದವರು ತೆಳ್ಳಗಾಗುತ್ತಾರೆ, ಇಲ್ಲದವರಿಗೆ 'ಇದ್ದ ಹಾಗೇ ನಿನ್ನನ್ನು ನೀನು ಪ್ರೀತಿಸು' ಎಂಬ ಉಪದೇಶ ಸಿಗುತ್ತದೆ. ವ್ಯಂಗ್ಯದ ಬಾಣ ನೆಟ್ಟಿರುವುದು ಆ ಅನ್ಯಾಯಕ್ಕೆ, ಜೊತೆಗೆ ಸಕ್ಕರೆ ಸುರಿದ ತಿಂಡಿ ಮಾರುವ ಕಂಪನಿಗಳಿಗೆ.

ಕೊನೆಗೆ ಕಾರ್ಟ್‌ಮನ್‌ನ ಗೆಳೆಯ ಕೈಲ್ ಆಡುವ ಮಾತನ್ನು ದಯವಿಟ್ಟು ಇನ್ನೊಮ್ಮೆ ಕೇಳಿ. ಸಕ್ಕರೆ, ಔಷಧ, ವಿಮೆ ಮೂರೂ ಕಂಪನಿಗಳು ನಮ್ಮ ಆರೋಗ್ಯದಿಂದ ಲಾಭ ಹುಡುಕುತ್ತಿರುವಾಗ ತಪ್ಪನ್ನು ದಪ್ಪಗಿರುವವನ ತಲೆಗೆ ಕಟ್ಟುವುದೇಕೆ ಎಂಬುದು ಅದರ ತಿರುಳು. ಶಾಲೆಯಲ್ಲಿ 'ಡುಮ್ಮಿ' ಅನ್ನಿಸಿಕೊಂಡು ಅಳುತ್ತ ಮನೆಗೆ ಬರುತ್ತಿದ್ದ ನನಗೆ ಆ ದೃಶ್ಯದಲ್ಲಿ ಗಂಟಲು ಕಟ್ಟಿತು.