ಜೆರ್ರಿ ಕ್ವಾರಿಯನ್ನು ಅವನ ಪಂದ್ಯಗಳಿಂದಲೇ ನೆನೆಯಬೇಕೇ?

ಮುಹಮ್ಮದ್ ಅಲಿ, ಜೋ ಫ್ರೇಜಿಯರ್, ಕೆನ್ ನಾರ್ಟನ್ ಎಂಬ ವಿಶ್ವ ಚಾಂಪಿಯನ್ನರ ಕಾಲದಲ್ಲೇ ಆಡಿದ ಅಮೆರಿಕದ ಹೆವಿವೇಟ್ ಬಾಕ್ಸರ್ ಜೆರ್ರಿ ಕ್ವಾರಿಗೆ ವಿಶ್ವ ಚಾಂಪಿಯನ್ ಪಟ್ಟ ಒಲಿಯಲಿಲ್ಲ. ತಲೆಗೆ ಬಿದ್ದ ಪೆಟ್ಟುಗಳಿಂದ ಮಿದುಳು ಸವೆದು, 1999ರ ಜನವರಿಯಲ್ಲಿ, 53ನೆಯ ವಯಸ್ಸಿಗೆ ತೀರಿಕೊಂಡ. ಇಂಥವನ ಹಳೆಯ ಪಂದ್ಯಗಳನ್ನು ಹಾಕಿಕೊಂಡು ನೋಡಿ ಮೆಚ್ಚುವುದು ಸರಿಯೇ? ಇಬ್ಬರು ಇಲ್ಲಿ ಉತ್ತರಿಸಿದ್ದಾರೆ.

ಪರ: ಕಸುಬುದಾರನನ್ನು ಕಸುಬಿನಿಂದ ಅಳೆಯಿರಿ

1970ರ ಅಕ್ಟೋಬರ್ 26ರ ರಾತ್ರಿ, ಮೂರೂವರೆ ವರ್ಷಗಳ ಬಳಿಕ ಮುಹಮ್ಮದ್ ಅಲಿ ರಿಂಗಿಗೆ ಮರಳಿದ. ವಿಯೆಟ್ನಾಂ ಯುದ್ಧಕ್ಕೆ ಸೇರಲು ಒಪ್ಪದ ಅವನಿಗೆ ಪರವಾನಗಿ ಕೊಡುವವರೇ ಇರಲಿಲ್ಲ. ಜಾರ್ಜಿಯಾ ರಾಜ್ಯದಲ್ಲಿ ಬಾಕ್ಸಿಂಗ್ ಆಯೋಗವೆಂಬುದೇ ಇಲ್ಲದ್ದರಿಂದ ಅಟ್ಲಾಂಟಾ ನಗರಾಡಳಿತ ತಾನೇ ಅನುಮತಿ ಕೊಟ್ಟಿತು. ಅಲ್ಲಿನ ಗವರ್ನರ್ ಲೆಸ್ಟರ್ ಮ್ಯಾಡಾಕ್ಸ್ ಸಿಟ್ಟಿಗೆದ್ದು ಶೋಕದಿನ ಆಚರಿಸಿರೆಂದು ಕರೆ ಕೊಟ್ಟ. ಆ ರಾತ್ರಿಯ ಬಗ್ಗೆ ಬರೆದವರೆಲ್ಲ ಅಲಿಯ ಬಗ್ಗೆಯೇ ಬರೆದರು. ಎದುರಿಗಿದ್ದವನಿಗೆ ಸಿಕ್ಕಿದ್ದು ಒಂದೇ ಸಾಲು: ಮೂರನೆಯ ಸುತ್ತಿನಲ್ಲಿ ಹುಬ್ಬು ಸೀಳಿತು, ರೆಫರಿ ಪಂದ್ಯ ನಿಲ್ಲಿಸಿದ. ಮದುವೆ ಫೋಟೊದಲ್ಲಿ ಮದುಮಗನ ಪಕ್ಕ ನಿಂತ ನೆಂಟನ ಹಾಗೆ, ಕ್ವಾರಿಯ ಮುಖ ಎಲ್ಲರೂ ನೋಡಿದ್ದಾರೆ. ಇವನಾರು ಎಂದು ಯಾರೂ ಕೇಳುವುದಿಲ್ಲ.

ಅವನು ಹುಟ್ಟಿದ್ದು 1945ರಲ್ಲಿ, ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡಿನಲ್ಲಿ. ಮೂವತ್ತರ ದಶಕದ ಬರ, ಧೂಳಿನ ಬಿರುಗಾಳಿಗಳಿಗೆ ಹೊಲ ಕಳೆದುಕೊಂಡು ಗುಳೆ ಬಂದವರ ಮಕ್ಕಳು ತುಂಬಿದ್ದ ಪ್ರದೇಶವದು; ಅವನ ಅಪ್ಪ ಜ್ಯಾಕ್ ಕೂಡ ಹಾಗೆ ಬಂದವನೇ. ಜ್ಯಾಕ್‌ನ ಎರಡೂ ಕೈಗಳ ಗೆಣ್ಣುಗಳ ಮೇಲೆ ಬೆರಳಿಗೊಂದರಂತೆ ಇಂಗ್ಲಿಷಿನ ಎಂಟು ಅಕ್ಷರಗಳ ಹಚ್ಚೆಯಿತ್ತು. ಮುಷ್ಟಿ ಬಿಗಿದು ಪಕ್ಕಪಕ್ಕ ಹಿಡಿದರೆ ‘ಕೆಟ್ಟ ನಸೀಬು’ ಎಂದು ಓದಬಹುದಿತ್ತು. ಆ ಕೈಗಳೇ ಮಗನಿಗೆ ಎಳವೆಯಲ್ಲೇ ಗ್ಲೌಸ್ ತೊಡಿಸಿದವು. 1965ರಲ್ಲಿ ಹವ್ಯಾಸಿ ಬಾಕ್ಸರುಗಳ ಗೋಲ್ಡನ್ ಗ್ಲೌಸ್ ರಾಷ್ಟ್ರೀಯ ಪಂದ್ಯಾವಳಿಯಲ್ಲಿ ಹುಡುಗ ಐವರನ್ನು ಎದುರಿಸಿ ಐವರನ್ನೂ ನಾಕೌಟ್ ಮಾಡಿದ.

ವೃತ್ತಿಪರನಾಗಿ ಆಡಿದ್ದು 66 ಪಂದ್ಯ. 53 ಗೆಲುವು, 4 ಸಮ, 9 ಸೋಲು. ಆ ಒಂಬತ್ತರಲ್ಲಿ ನಾಲ್ಕು ಸೋಲು ಅಲಿ ಮತ್ತು ಫ್ರೇಜಿಯರ್ ಕೈಯಲ್ಲಿ. ಬೇರೆ ಯಾವ ದಶಕದಲ್ಲಿ ಹುಟ್ಟಿದ್ದರೂ ಇವನು ಚಾಂಪಿಯನ್ ಆಗುತ್ತಿದ್ದ ಎಂದು ಹೇಳುವವರಿದ್ದಾರೆ. ಈ ‘ಆಗುತ್ತಿದ್ದ’ಗಳ ಲೆಕ್ಕ ನನಗೆ ಅಷ್ಟು ರುಚಿಸುವುದಿಲ್ಲ. ಅವನು ಮಾಡಿದ್ದೇ ಸಾಕಷ್ಟಿದೆ.

1973ರ ಫೆಬ್ರವರಿಯ ರಾನ್ ಲೈಲ್ ಪಂದ್ಯವನ್ನೇ ನೋಡಿ. ಲೈಲ್ ಜೈಲಿನಲ್ಲಿ ಬಾಕ್ಸಿಂಗ್ ಕಲಿತು ಹೊರಬಂದ ದೈತ್ಯ. ಅಲ್ಲಿಯವರೆಗೆ ಒಂದೂ ಪಂದ್ಯ ಸೋತಿರಲಿಲ್ಲ. ಕ್ವಾರಿ ತೂಗುತ್ತಿದ್ದದ್ದು 90 ಕಿಲೋ ಆಸುಪಾಸು, ಇಂದಿನ ಹೆವಿವೇಟುಗಳ ಪಕ್ಕ ನಿಲ್ಲಿಸಿದರೆ ಸಣ್ಣಾಳು. ಅವನ ನಿಜವಾದ ವಿದ್ಯೆ ಕಾದು ಹೊಡೆಯುವುದು. ಎದುರಾಳಿ ಕೈ ಬೀಸುವವರೆಗೆ ತಾಳುತ್ತಾನೆ, ಭುಜ ಒಂದಿಷ್ಟು ವಾಲಿಸಿ ಪೆಟ್ಟನ್ನು ಜಾರಿಸುತ್ತಾನೆ, ಹೊಡೆದವನ ಕೈ ಇನ್ನೂ ಹಿಂದಕ್ಕೆ ಹೋಗುವ ಮೊದಲೇ ಎಡಗೈ ಹುಕ್, ಅಂದರೆ ಮೊಣಕೈ ಬಾಗಿಸಿ ಪಕ್ಕದಿಂದ ಬೀಸುವ ಪೆಟ್ಟು, ಹೋಗಿ ಕೂತಿರುತ್ತದೆ. ಹನ್ನೆರಡು ಸುತ್ತು ಇದೇ ಪಾಠ. ಮೂವರು ತೀರ್ಪುಗಾರರೂ ಕ್ವಾರಿಗೇ ಗೆಲುವು ಕೊಟ್ಟರು. ಅದೇ ಡಿಸೆಂಬರಿನಲ್ಲಿ, ಆ ಕಾಲದಲ್ಲಿ ಅತಿ ಭಾರದ ಪೆಟ್ಟು ಕೊಡುತ್ತಾನೆಂದು ಎಲ್ಲರೂ ಹೆದರುತ್ತಿದ್ದ ಅರ್ನಿ ಶೇವರ್ಸ್‌ನನ್ನು ಮೊದಲ ಸುತ್ತಿನಲ್ಲೇ ಮುಗಿಸಿದ. ಫ್ಲಾಯ್ಡ್ ಪ್ಯಾಟರ್ಸನ್, ಬಸ್ಟರ್ ಮ್ಯಾಥಿಸ್ ಅವನಿಗೆ ಸೋತವರ ಪಟ್ಟಿಯಲ್ಲಿ ಇನ್ನಿಬ್ಬರು.

ತಪ್ಪುಗಳೂ ಇವೆ. 1969ರ ಡಿಸೆಂಬರಿನಲ್ಲಿ ಕೆನಡಾದ ಜಾರ್ಜ್ ಚುವಾಲೊ ಎದುರು ಮುಂದಿದ್ದವನು ಏಳನೆಯ ಸುತ್ತಿನಲ್ಲಿ ಬಿದ್ದ. ಎದ್ದು, ಉಸಿರು ತೆಗೆದುಕೊಳ್ಳಲು ಮತ್ತೆ ಒಂದು ಮೊಣಕಾಲೂರಿ ಕುಳಿತ. ಲೆಕ್ಕ ತಪ್ಪಿ, ರೆಫರಿ ಹತ್ತು ಎಣಿಸಿ ಮುಗಿಸಿದ ಮೇಲೆ ಎದ್ದು ಪಂದ್ಯ ಸೋತ! ಅದನ್ನು ನೋಡಿ ನಗುವವರಿದ್ದಾರೆ. ನನಗೆ ಮಾತ್ರ ಆ ಕ್ಷಣದಲ್ಲಿ ಅಪ್ಪನ ಗೆಣ್ಣುಗಳು ಕಾಣುತ್ತವೆ.

ಈಗ ಕ್ವಾರಿಯ ಹೆಸರೆತ್ತಿದರೆ ಎರಡನೆಯ ಮಾತಿಗೇ ಕಾಯಿಲೆ ಬರುತ್ತದೆ. ಪಾಪ, ಕೊನೆಗೆ ಶೂ ಲೇಸು ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲವಂತೆ. ನಿಜ. ಆದರೆ ಆ ‘ಪಾಪ’ದಲ್ಲಿ ಮೂವತ್ತು ವರ್ಷ ಕಲಿತ ವಿದ್ಯೆ ಎಲ್ಲಿ ಹೋಯಿತು? ಗರಗಸಕ್ಕೆ ಬೆರಳು ಕೊಟ್ಟ ಬಡಗಿಯನ್ನು ಬೆರಳು ಹೋದ ದಿನದಿಂದ ಮಾತ್ರ ನೆನೆದರೆ, ಅವನು ಕೂರಿಸಿದ ಬಾಗಿಲು ಇನ್ನೂ ಸದ್ದಿಲ್ಲದೆ ತೆರೆದು ಮುಚ್ಚುತ್ತಿರುವುದನ್ನು ಯಾರು ನೋಡಬೇಕು? ಪಂದ್ಯಗಳನ್ನು ನೋಡದೆ ಕಾಯಿಲೆಯನ್ನಷ್ಟೇ ಓದುವವರಿಗೆ ಕ್ವಾರಿ ಪೆಟ್ಟು ತಿನ್ನುವ ಮುದ್ದೆಯ ಹಾಗೆ ಕಾಣುತ್ತಾನೆ. ಲೈಲ್ ಪಂದ್ಯ ನೋಡಿದವರಿಗೆ ಗೊತ್ತು, ಪೆಟ್ಟು ತಪ್ಪಿಸಿಕೊಳ್ಳುವುದು ಅವನಿಗೆ ಎಷ್ಟು ಚೆನ್ನಾಗಿ ಬರುತ್ತಿತ್ತೆಂದು.

ವಿರೋಧ: ಆ ನೆನಪನ್ನೇ ಮಾರಿದರಲ್ಲ

ಅಟ್ಲಾಂಟಾದ ಕಥೆಯಲ್ಲಿ ಒಂದು ವಿವರ ಹಾಗೇ ದಾಟಿಹೋಯಿತು: ಆಯೋಗವಿಲ್ಲದ ರಾಜ್ಯ. ಅದೇ ಸಂದಿಯಿಂದ ಕ್ವಾರಿ ಇನ್ನೊಮ್ಮೆ ರಿಂಗಿಗೆ ಬಂದರು. 1992ರ ಅಕ್ಟೋಬರಿನಲ್ಲಿ, ಕೊಲರಾಡೊದ ಅರೋರಾದಲ್ಲಿ. ಆಗ ಅವರಿಗೆ 47 ವರ್ಷ. ಒಂಬತ್ತು ವರ್ಷಗಳಿಂದ ಪಂದ್ಯ ಆಡಿರಲಿಲ್ಲ. ಒಂಬತ್ತು ವರ್ಷದ ಹಿಂದೆಯೇ, 1983ರಲ್ಲಿ, ಒಂದು ಕ್ರೀಡಾ ಪತ್ರಿಕೆ ಏರ್ಪಡಿಸಿದ್ದ ತಪಾಸಣೆಯಲ್ಲಿ ಅವರ ಮಿದುಳಿಗೆ ಹಾನಿಯಾಗಿರುವುದು ಕಂಡಿತ್ತು. ಬಾಕ್ಸರುಗಳನ್ನು ಪರೀಕ್ಷಿಸುವ ಆಯೋಗ ಕೊಲರಾಡೊದಲ್ಲಿ ಆಗ ಇರಲಿಲ್ಲ. ಯಾವ ವೈದ್ಯನೂ ಬೇಡ ಎನ್ನಲಿಲ್ಲ. ಅವರ ಅರ್ಧದಷ್ಟು ಹೆಸರೂ ಇಲ್ಲದ ಎದುರಾಳಿ ಆರು ಸುತ್ತು ಹೊಡೆದ. ಹಲ್ಲು ಮುರಿಯಿತು. ಅಂಕಗಳಲ್ಲಿ ಸೋತರು. ಕೈಗೆ ಬಂದದ್ದು 1,050 ಡಾಲರ್.

47 ವರ್ಷದ ರೋಗಿಯನ್ನು ರಿಂಗಿಗೆ ತಳ್ಳಲು ಯಾರಿಗಾದರೂ ಯಾಕೆ ಮನಸ್ಸಾಗಬೇಕು? ಉತ್ತರ ಒಂದೇ: ಆ ಹೆಸರಿಗೆ ಟಿಕೆಟ್ ಹೋಗುತ್ತಿತ್ತು. ಕೊಳ್ಳುವವರು ಕ್ರೂರಿಗಳೇನಲ್ಲ. ಇಪ್ಪತ್ತು ವರ್ಷಗಳ ಹಿಂದಿನ ಕ್ವಾರಿಯನ್ನು ಪ್ರೀತಿಯಿಂದ ನೆನಪಿಟ್ಟುಕೊಂಡವರು. ಅಭಿಮಾನಿಯ ನೆನಪು ಯಾರಿಗೂ ತೊಂದರೆ ಕೊಡದೆ ಮನೆಯಲ್ಲಿ ಕೂತಿರುತ್ತದೆ ಎಂದುಕೊಂಡಿದ್ದೇವೆ. ಅರೋರಾದಲ್ಲಿ ಅದೇ ಬಂಡವಾಳವಾಯಿತು.

ಲೈಲ್ ಪಂದ್ಯದ ಬಗ್ಗೆ ನನ್ನ ತಕರಾರಿಲ್ಲ. ಅದು ಚೆಂದದ ಪಂದ್ಯವೇ. ಆದರೆ ಜನ ಹಾಕಿಕೊಂಡು ನೋಡುವುದು ಅದನ್ನಲ್ಲ. 1969ರ ಜೂನಿನಲ್ಲಿ ಫ್ರೇಜಿಯರ್ ವಿರುದ್ಧ ಕ್ವಾರಿ ಕಾದು ಹೊಡೆಯುವ ತಮ್ಮ ವಿದ್ಯೆಯನ್ನೆಲ್ಲ ಪಕ್ಕಕ್ಕಿಟ್ಟು, ಹಣೆಗೆ ಹಣೆ ಕೊಟ್ಟು ನಿಂತರು. ಏಳು ಸುತ್ತು ಮುಗಿಯುವಷ್ಟರಲ್ಲಿ ಕಣ್ಣಿನ ಕೆಳಗೆ ಸೀಳಿ ಪಂದ್ಯ ನಿಂತಿತು. ಬಾಕ್ಸಿಂಗಿನ ಪ್ರಮುಖ ಪತ್ರಿಕೆ ‘ದಿ ರಿಂಗ್’ ವರ್ಷದ ಶ್ರೇಷ್ಠ ಪಂದ್ಯವೆಂದು ಆರಿಸಿದ್ದು ಇದನ್ನು. ಪೆಟ್ಟು ತಪ್ಪಿಸಿಕೊಂಡು ಗೆದ್ದ ರಾತ್ರಿಗಿಂತ ಪೆಟ್ಟು ತಿಂದು ಸೋತ ರಾತ್ರಿಗೆ ಮೆಚ್ಚುಗೆ ಹೆಚ್ಚು ಸಿಗುತ್ತದೆ ಎಂದರೆ ಬಾಕ್ಸರ್ ಏನು ಕಲಿಯಬೇಕು? ಮನೆಯ ಪಾಠವೂ ಅದೇ ಆಗಿತ್ತು. ಕ್ವಾರಿಗಳಲ್ಲಿ ಕೈಬಿಡುವವರಿಲ್ಲ ಎನ್ನುವುದು ಅಪ್ಪನ ಮಂತ್ರ. ಅಪ್ಪನೂ ಪ್ರೇಕ್ಷಕರೂ ಒಂದೇ ಮಾತು ಹೇಳಿದಾಗ ಹುಡುಗನಿಗೆ ಬೇರೆ ದಾರಿ ಎಲ್ಲಿ?

ಅದರ ಮೇಲೆ ಬಿಳಿಯರ ಭರವಸೆ ಎಂಬ ಹಣೆಪಟ್ಟಿ. ಕಪ್ಪು ಚಾಂಪಿಯನ್ನರ ಕಾಲದಲ್ಲಿ ಬಿಳಿಯ ಎದುರಾಳಿಯೊಬ್ಬ ಬೇಕಿದ್ದ ಪಂದ್ಯದ ಆಯೋಜಕರಿಗೆ ಇವರು ಸಿಕ್ಕರು. ದೊಡ್ಡ ಪಂದ್ಯಗಳು ಬಂದವು, ಅವುಗಳ ಪೆಟ್ಟೂ ಬಂದವು.

ಬಡಗಿಯ ಹೋಲಿಕೆ ಕೇಳಲು ಚೆನ್ನ. ಆದರೆ ಬಡಗಿಯ ಬೆರಳು ಹೋಗುವುದು ಕೈ ತಪ್ಪಿದಾಗ. ಇಲ್ಲಿ ಎದುರಿನವನ ತಲೆಯ ಮೇಲೆ ಬೀಳುವ ಪೆಟ್ಟೇ ಕಸುಬು. 1928ರಲ್ಲೇ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ಅಮೆರಿಕದ ವೈದ್ಯ ಬಾಕ್ಸರುಗಳ ಈ ಕಾಯಿಲೆಯನ್ನು ವೈದ್ಯಕೀಯ ಪತ್ರಿಕೆಯಲ್ಲಿ ವಿವರಿಸಿದ್ದರು. ನಡಿಗೆ ತೂರಾಡುತ್ತದೆ, ಮಾತು ತೊದಲುತ್ತದೆ, ಕ್ರಮೇಣ ಬುದ್ಧಿ ಮಂಕಾಗುತ್ತದೆ. ಕ್ವಾರಿ ಹುಟ್ಟುವುದಕ್ಕೆ ಹದಿನೇಳು ವರ್ಷ ಮೊದಲು ಬರೆದಿಟ್ಟದ್ದು ಅದು. ಒಂದು ನಾಕೌಟಿನಿಂದ ಬರುವ ಕಾಯಿಲೆಯೂ ಅಲ್ಲ. ತಾಲೀಮಿನಲ್ಲಿ ದಿನವೂ ಬೀಳುವ, ಯಾರೂ ಲೆಕ್ಕವಿಡದ ಪೆಟ್ಟುಗಳೂ ಕೂಡುತ್ತಾ ಹೋಗುತ್ತವೆ. ಲೈಲ್ ಎದುರು ಅಷ್ಟು ಚೆನ್ನಾಗಿ ಆಡಲು ಎಷ್ಟು ತಾಲೀಮು ಬೇಕಾಯಿತೋ, ಅದೂ ಇದೇ ಖಾತೆಗೆ ಜಮೆ.

ಕೊನೆಯ ವರ್ಷಗಳಲ್ಲಿ ತಾಯಿ ಮತ್ತು ಸಹೋದರ ಜೇಮ್ಸ್ ಅವರಿಗೆ ಬಟ್ಟೆ ತೊಡಿಸಬೇಕಾಗಿತ್ತು, ಗಡ್ಡ ಹೆರೆಯಬೇಕಾಗಿತ್ತು. ಸೋತವನನ್ನು ಕರ್ಣನನ್ನಾಗಿ ಮಾಡಿ ಕಣ್ಣೊರೆಸಿಕೊಳ್ಳುವುದು ನಮಗೆ ಬಲು ಸಲೀಸು. ಗಡ್ಡ ಹೆರೆಯುವ ಕೆಲಸ ಮಾತ್ರ ಮನೆಯವರಿಗೇ ಬಿಟ್ಟದ್ದು.

ಪಂದ್ಯ ನೋಡಲೇಬೇಕೆಂದರೆ 1972ರ ಜೂನ್ 27, ಲಾಸ್ ವೇಗಸ್. ಒಂದೇ ರಾತ್ರಿ ಅಣ್ಣತಮ್ಮಂದಿರಿಬ್ಬರೂ ಆಡಿದರು. ಮೊದಲು ತಮ್ಮ ಮೈಕ್, ಲೈಟ್ ಹೆವಿವೇಟ್ ಚಾಂಪಿಯನ್ ಬಾಬ್ ಫಾಸ್ಟರ್ ಎದುರು. ನಾಲ್ಕನೆಯ ಸುತ್ತಿನಲ್ಲಿ ಫಾಸ್ಟರನ ಎಡಗೈ ಹುಕ್ಕಿಗೆ ಮೈಕ್ ಮಲಗಿಬಿಟ್ಟರು, ನಿಮಿಷಗಟ್ಟಲೆ ಎಚ್ಚರವಿಲ್ಲ. ಆ ಮೈಕ್ ಕೂಡ ಇದೇ ಕಾಯಿಲೆಯಲ್ಲಿ, 2006ರಲ್ಲಿ, 55ನೆಯ ವಯಸ್ಸಿಗೆ ತೀರಿಕೊಂಡರು. ತಮ್ಮ ಹಾಗೆ ಬಿದ್ದಿದ್ದ ರಿಂಗಿಗೇ ಜೆರ್ರಿ ಸ್ವಲ್ಪ ಹೊತ್ತಿನ ಬಳಿಕ ಹತ್ತಿದರು, ಎದುರಿಗೆ ಅಲಿ. ಏಳನೆಯ ಸುತ್ತಿನವರೆಗೆ ನಿಂತಿದ್ದರು.