ಮುತ್ಯಾನ ಜನತಾ ವಾಚು

ಕಲಬುರಗಿಯ ಮೇ ತಿಂಗಳಲ್ಲಿ ವಾಚು ಬಿಚ್ಚಬಾರದು. ಫ್ಯಾನ್ ಹಚ್ಚಿದರೆ ಧೂಳು ಬಂದು ಗಾಲಿಗಳ ಮೇಲೆ ಕೂಡುತ್ತದೆ. ಬಂದ್ ಮಾಡಿದರೆ ಬೆವರು ಮೂಗಿನ ತುದಿಗೆ ಇಳಿದು ಡಯಲ್‌ಗೇ ಗುರಿ ಇಡುತ್ತದೆ. ಗೊತ್ತಿದ್ದೂ ಮುತ್ಯಾನ ಎಚ್‌ಎಂಟಿ ಜನತಾ ಬಿಚ್ಚಿಕೊಂಡು ಕೂತೆ. (ಇದಕ್ಕೂ ಮೊದಲು ಮೂರು ಹಳೇ ವಾಚು ಕೊಂಡು ರಿಪೇರಿ ಮಾಡಿದ್ದೆ. ಮೂರೂ ಸೇರಿ ಈಗ ಒಂದಾಗಿವೆ. ಅದೂ ನಡೆಯುವುದಿಲ್ಲ.)

ಮದುವೆಯಲ್ಲಿ ಮಾವನ ಮನೆಯವರು ಮುತ್ಯಾನ ಕೈಗೆ ಕಟ್ಟಿದ ವಾಚು ಅದು. ದಿನಾ ಚಾವಿ ಕೊಡಬೇಕು. ಒಳಗೆ 17 ಜ್ಯೂಯೆಲ್.

"ಹದಿನೇಳು ಹರಳ ಅದಾವ ತಮ್ಮಾ. ಬಿಚ್ಚಿದ ಮ್ಯಾಲ ಎಣಿಸಿ ವಾಪಸ್ ಹಾಕು" ಎಂದೇ ಕೊಟ್ಟಿದ್ದ. ಅವು ಗಾಲಿಗಳ ಅಚ್ಚು ಸವೆಯದಿರಲೆಂದು ಕೂಡಿಸುವ ಕೃತಕ ಮಾಣಿಕ್ಯ, ಮಾರಿದರೆ ಛಾಕ್ಕೂ ಸಾಲದು ಎಂದು ತಿಳಿಸಿ ಹೇಳಿದೆ. ಕಳ್ಳ ಹಂಗೇ ಹೇಳೋದು ಎಂಬಂತೆ ನೋಡಿದ.

ಹತ್ತು ನಿಮಿಷದಲ್ಲಿ ಚಿಮಟದ ತುದಿಯಿಂದ ಒಂದು ಸ್ಕ್ರೂ ಟಪ್ಪನೆ ಹಾರಿತು. ನಮ್ಮದು ಶಹಾಬಾದಿ ಪರ್ಸಿಯ ನೆಲ. ಪ್ರತಿ ಸಂದಿಯೂ ಸ್ಕ್ರೂ ನುಂಗಲೆಂದೇ ಬಾಯಿ ತೆರೆದಿದೆ.

"ಏನ್ ಹುಡುಕ್ಲಿಕತ್ತೀರಿ?" ಹೆಂಡತಿ ಕೇಳಿದಳು.

"ಸ್ಕ್ರೂ. ಸಾಸಿವೆಕಿಂತ ಸಣ್ಣದು."

"ಹಂಗಾದ್ರ ಮುಂಜಾನಿ ಕಸದಾಗ ಹೋಗಿರ್ತದ ಬಿಡ್ರಿ."

"ಬಿದ್ದಿದ್ದೇ ಈಗ!"

"ಹಂಗಾದ್ರ ನಾಳಿ ಹೋಗ್ತದ."

ಕೆಟ್ಟ ಸ್ಪೀಕರಿನ ಅಯಸ್ಕಾಂತ ತಂದು ಪರ್ಸಿಯ ಮೇಲೆಲ್ಲ ಆಡಿಸಿದೆ. ಎರಡು ಟಾಚಣಿ, ಒಂದು ಬ್ಲೌಸಿನ ಹುಕ್ಕು, ಕೊನೆಗೆ ಸ್ಕ್ರೂ! ಆ ಖುಷಿಯಲ್ಲಿ ಅಯಸ್ಕಾಂತವನ್ನು ಬಿಚ್ಚಿಟ್ಟ ವಾಚಿನ ಮಗ್ಗುಲಲ್ಲೇ ಇಟ್ಟೆ.

ಸಂಜೆಗೆ ವಾಚು ನಡೆಯಿತು. ನಡೆಯಿತೇನು, ಓಡಿತು. ಮರುದಿನ ಮುತ್ಯಾ ನಾಲ್ಕರ ಛಾ ಮೂರೂವರೆಗೇ ಕೇಳಿದ. ಅದರ ಮರುದಿನ ಮೂರಕ್ಕೆ. ಮೊಬೈಲ್ ತೋರಿಸಿದರೆ, "ಇದು ಸರ್ಕಾರಿ ಕಂಪನಿ ವಾಚ್. ನಿಂದು ಯಾರದು?" ಎಂದ. ಉತ್ತರ ಇರಲಿಲ್ಲ. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಕಲಿಸಿಕೊಟ್ಟು ಬೆಂಗಳೂರಿನಲ್ಲಿ ಶುರುವಾದ ಮನೆತನದ ಮುಂದೆ ನನ್ನ ಮೊಬೈಲ್ ಯಾವ ಲೆಕ್ಕ?

ಸೂಪರ್ ಮಾರ್ಕೆಟ್ ಕಡೆಯ ವಾಚ್ ರಿಪೇರಿ ಚಾಚಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡವನೇ, "ಮ್ಯಾಗ್ನೆಟ್ ಹಿಡದದ ಬೇಟಾ" ಎಂದ. ಕೂದಲಿನಂಥ ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಅಂಟಿವೆ, ಸ್ಪ್ರಿಂಗು ಗಿಡ್ಡಾದಂತಾಗಿ, ಅತ್ತಿತ್ತ ತೂಗುವ ಬ್ಯಾಲೆನ್ಸ್ ಗಾಲಿ ಗಡಿಬಿಡಿ ಮಾಡುತ್ತಿದೆ. ಗಂಟೆಗೆ 18,000 ಸಲ ಬಡಿಯಬೇಕಾದದ್ದು ಲೆಕ್ಕ ತಪ್ಪಿದೆ. ಮ್ಯಾಗ್ನೆಟ್ ಇಳಿಸುವ ಸಣ್ಣ ಡಬ್ಬಿಯ ಮೇಲೆ ವಾಚಿಟ್ಟು, ಗುಂಡಿ ಒತ್ತಿ, ಮೆಲ್ಲಗೆ ಮೇಲೆತ್ತಿದ. ಅಷ್ಟೇ.

"ಮೊದ್ಲು ಯಾರು ಬಿಚ್ಚಿದ್ರು?"

"ಯಾರೋ ಹೊಸಬ್ರು ಚಾಚಾ."

"ಅವ್ರ ಕಡಿ ಮತ್ತ ಹೋಗಬ್ಯಾಡ."

ಮನೆಗೆ ತಂದು ಮುತ್ಯಾನ ಕೈಗೆ ಕಟ್ಟಿದೆ. ಎರಡು ದಿನ ಕಟ್ಟಿಕೊಂಡು ತಿರುಗಾಡಿ, ಮೂರನೆಯ ದಿನ ನನ್ನನ್ನು ಕರೆದ.

"ಛಾ ಭಾಳ ತಡಾ ಬರ್ಲಿಕತ್ತದ ತಮ್ಮಾ. ವಾಚಿಗಿ ಮೊದಲಿನ ಜೋರಿಲ್ಲ. ಆ ಚಾಚಾ ಬಿಚ್ಚಿದಾಗ ಹರಳ ಎಣಿಸಿದ್ದೇನು?"